ಎರಡು ವರ್ಷ ಮೊಗ್ಗೇ ಕಟ್ಟದ ತಟ್ಟೆ ದಾಸವಾಳ: ಆಲ್ದೂರಿನ ಒಂದು ಅಂಗಳದ ಪ್ರಕರಣ

ಚಿಕ್ಕಮ್ಮನ ಮನೆ ಚಿಕ್ಕಮಗಳೂರು ಹತ್ರದ ಆಲ್ದೂರಿಂದ ಸ್ವಲ್ಪ ಒಳಗೆ, ಸುತ್ತ ಕಾಫಿ ತೋಟ, ಮನೆ ಮುಂದೆ ಅಂಗಳ, ಅಂಗಳ ದಾಟಿದ್ರೆ ಗೇಟು, ಮನೆ ಹಿಂದೆ ಬಚ್ಚಲು, ಪಕ್ಕದಲ್ಲಿ ಕಾಂಪೌಂಡಿಗೆ ಒತ್ತಿಕೊಂಡು ನಾಲ್ಕು ಸಿಲ್ವರ್ ಓಕ್ ಮರ. ಈ ಜಾಗಗಳನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ, ಯಾಕಂದ್ರೆ ಯಾವ ಗಿಡ ಎಲ್ಲಿತ್ತು ಅನ್ನೋದ್ರಲ್ಲೇ ಈ ಪ್ರಕರಣದ ಗಂಟು ಇರೋದು, ನಮಗೆ ಅದು ಗೊತ್ತಾಗೋಕೆ ಎರಡು ವರ್ಷ ಹಿಡೀತು.

ಗಿಡ ಯಾವುದು ಅಂದ್ರೆ ಹಾರ್ಡಿ ಹಿಬಿಸ್ಕಸ್, ಶಾಸ್ತ್ರದ ಹೆಸರು ಹಿಬಿಸ್ಕಸ್ ಮಾಸ್ಕ್ಯೂಟೋಸ್. ನಮ್ಮ ಮನೆ ಮುಂದಿನ ದಾಸವಾಳಕ್ಕೆ ದಾಯಾದಿ, ಬೆಂಡೆ, ಹತ್ತಿ, ಪುಂಡಿಸೊಪ್ಪು ಎಲ್ಲಾ ಒಂದೇ ಕುಟುಂಬ. ಆದ್ರೆ ಹೂವು ಮಾತ್ರ ಬೇರೆ ಲೆವೆಲ್ಲು, 20 ರಿಂದ 30 ಸೆಂಟಿಮೀಟರ್ ಅಗಲ, ಅಂದ್ರೆ ತಿಂಡಿ ತಟ್ಟೆಯಷ್ಟು, ಹಂಗಾಗಿ ಮನೇಲಿ ಎಲ್ರೂ ಅದಕ್ಕೆ ತಟ್ಟೆ ದಾಸವಾಳ ಅಂತಲೇ ಹೆಸರಿಟ್ಟಾಗಿದೆ. ಚಿಕ್ಕಮ್ಮ ಫೋನಲ್ಲಿ ಯಾವುದೋ ಫೋಟೋ ನೋಡಿ ಬೀಜ ತರ್ಸಿದ್ರು. ಮಾರಿದವರು ಪ್ಯಾಕೆಟ್ ಮೇಲೆ ಹಾರ್ಡಿ ಅಂತ ದೊಡ್ಡದಾಗಿ ಹಾಕಿ, ವರ್ಷಪೂರ್ತಿ ಹೂ ಅಂತ ಬೇರೆ ಬರ್ದಿದ್ರು. ಹಾರ್ಡಿ ಅಂದ್ರೆ ಗಟ್ಟಿ ಗಿಡ, ಎಲ್ಲಿ ಹಾಕಿದ್ರೂ ಬರತ್ತೆ ಅಂತ ನಾವೂ ಅಂದ್ಕೊಂಡ್ವಿ. ಆಮೇಲೆ ಗೊತ್ತಾಗಿದ್ದು, ಆ ಪದಕ್ಕೆ ಅರ್ಥ ಚಳಿ ತಡ್ಕೊಳ್ಳತ್ತೆ ಅಂತ ಅಷ್ಟೇ. ಇದರ ತವರು ಅಮೆರಿಕದ ಪೂರ್ವ ಮತ್ತೆ ದಕ್ಷಿಣ ಭಾಗದ ಜೌಗು ನೆಲ, ಕೆರೆ ಅಂಚು. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದ್ರೂ, ಮೇಲಿನ ಕಾಂಡ ಎಲ್ಲಾ ಸತ್ತು ಹೋಗಿ ಬೇರು ಮಾತ್ರ ಮಣ್ಣೊಳಗೆ ಬದುಕಿದ್ದು, ಬೇಸಗೆ ಬಂದ ಮೇಲೆ ಮತ್ತೆ ಚಿಗುರತ್ತೆ. ಆಲ್ದೂರಲ್ಲಿ ಚಳಿ ಅಂದ್ರೆ ಸ್ವೆಟರ್ ಹಾಕ್ಕೊಂಡು ಒಲೆ ಮುಂದೆ ಕೂರೋ ಚಳಿ, ನೆಲ ಹೆಪ್ಪುಗಟ್ಟೋ ಚಳಿ ಅಲ್ವಲ್ಲ, ಸೋ ಈ ಗಟ್ಟಿತನದಿಂದ ನಮಗೇನೂ ಲಾಭ ಇಲ್ಲ.

2023 ಫೆಬ್ರವರಿಲಿ ಬೀಜ ಹಾಕಿದ್ದು. ಸಣ್ಣ ಗುಂಡು ಬೀಜ, ಸಿಪ್ಪೆ ಕಲ್ಲು ಥರ ಗಟ್ಟಿ, ಹಂಗೇ ಹಾಕಿದ್ರೆ ತಿಂಗಳುಗಟ್ಟಲೆ ಮಲಗಿರತ್ತೆ. ನಾನು ಉಪ್ಪುಕಾಗದದಲ್ಲಿ ಒಂದೊಂದನ್ನೂ ಎರಡು ಸಲ ಉಜ್ಜಿ, ಬಿಸಿನೀರಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಊದ್ಕೊಂಡಿರೋದನ್ನ ಮಾತ್ರ ಕೊಕೊಪೀಟಲ್ಲಿ ಇಟ್ಟೆ. ಹತ್ತರಲ್ಲಿ ಆರು ಮೊಳಕೆ ಬಂತು, ಒಂದನ್ನ ಬಸವನಹುಳು ತಿಂತು, ಉಳಿದದ್ದು ಐದು. ಜೂನಲ್ಲಿ ಮಳೆ ಹಿಡಿದ ಮೇಲೆ ನೆಲಕ್ಕೆ ಹಾಕಿದ್ವಿ: ಅಂಗಳದ ಅಂಚಲ್ಲಿ ಎರಡು, ಬಚ್ಚಲ ಹಿಂದೆ ಕೆಸುವಿನ ಪಕ್ಕ ಒಂದು, ಸಿಲ್ವರ್ ಓಕ್ ಬುಡದ ಹತ್ರ ಎರಡು.

ಆ ವರ್ಷ ಹೂ ಬರ್ಲಿಲ್ಲ. ಮೊದಲ ವರ್ಷ ಅಲ್ವಾ ಅಂತ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಡಿಸೆಂಬರಲ್ಲಿ ಎಲೆ ಹಳದಿ ಆಗಿ ಉದುರಿ ಬರೀ ಕಡ್ಡಿ ನಿಂತಾಗ ಚಿಕ್ಕಪ್ಪ ಗುದ್ದಲಿ ತಗೊಂಡು ಕೀಳೋಕೆ ಹೋಗಿದ್ರು, ನಾನು ಹಾಸನದಿಂದ ಫೋನ್ ಮಾಡಿ ತಡೆದೆ. ಇದು ನಿದ್ದೆ ಮಾಡೋ ಗಿಡ, ಬುಡ ಮುಟ್ಬೇಡಿ ಅಂದೆ. "ಎಂತ ನಿದ್ದೆ ಮಾರಾಯ, ಬೆಂಕಿ ಹಾಕೋಕೆ ಆಗೋ ಕಡ್ಡಿ ಇದು" ಅಂದ್ರು. ಜನವರಿ ಕೊನೇಲಿ ಬುಡದಿಂದ ಕೆಂಪು ಮಿಶ್ರ ಚಿಗುರು ಎದ್ದಾಗ ಫೋಟೋ ಕಳ್ಸಿದ್ದು ಅವರೇ. ಫೋಟೋ ಜೊತೆ ಒಂದು ಮಾತೂ ಇರ್ಲಿಲ್ಲ.

2024 ರಲ್ಲಿ ಗಿಡ ಐದಡಿ ಹೋಯ್ತು. ಅಗಲ ಎಲೆ, ಅಡಿಭಾಗ ಮುಟ್ಟಿದ್ರೆ ಬೂದು ಬಣ್ಣದ ಮಖಮಲ್ ಥರ, ನಮ್ಮ ದಾಸವಾಳದ ಎಲೆಯ ಹೊಳಪು ಇದಕ್ಕಿಲ್ಲ. ನೋಡೋಕೆ ಆರೋಗ್ಯವಾಗಿ ದಷ್ಟಪುಷ್ಟ, ಆದ್ರೆ ಮೊಗ್ಗು ಅನ್ನೋದು ಒಂದೂ ಇಲ್ಲ. ಇಲ್ಲಿಂದ ಶುರುವಾಯ್ತು ನಮ್ಮ ಪಂಡಿತರ ಸಭೆ.

ಚಿಕ್ಕಪ್ಪನ ವಾದ ಹೂಮಳೆ. ಕಾಫಿ ಬೆಳೆಯೋರ ತಲೆ ಹಂಗೇ ಓಡೋದು, ಫೆಬ್ರವರಿ ಮಾರ್ಚಲ್ಲಿ ಒಂದು ಒಳ್ಳೆ ಮಳೆ ಬಿದ್ರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಆಗತ್ತೆ, ಮಳೆ ಬರದಿದ್ರೆ ಸ್ಪ್ರಿಂಕ್ಲರ್ ಹಾಕ್ತಾರೆ. ಸೋ ಈ ಗಿಡಕ್ಕೂ ಸ್ವಲ್ಪ ದಿನ ನೀರು ಬಂದ್ ಮಾಡಿ ಬಾಡಿಸಿ ಆಮೇಲೆ ಒಮ್ಮೆಲೇ ಕೊಟ್ರೆ ಹೂ ಬರತ್ತೆ ಅಂತ ಮಾರ್ಚಲ್ಲಿ ಹದಿನೈದು ದಿನ ನೀರು ನಿಲ್ಸಿದ್ರು. ಜೌಗು ನೆಲದ ಗಿಡಕ್ಕೆ! ಎಲೆ ಎಲ್ಲಾ ಒದ್ದೆ ಬಟ್ಟೆ ಥರ ಜೋತು ಬಿದ್ದು, ಕೆಳಗಿನ ಎಲೆ ಸುಟ್ಟು, ಆಮೇಲೆ ನೀರು ಕೊಟ್ಟಾಗ ಬರೀ ಹೊಸ ಎಲೆ ಬಂತು. ಈಗ ಯೋಚಿಸಿದ್ರೆ ಆ ಹೋಲಿಕೆನೇ ತಪ್ಪು. ಕಾಫಿಲಿ ಮೊಗ್ಗು ಮಳೆಗೆ ಮುಂಚೆನೇ ಗೆಣ್ಣಲ್ಲಿ ಕಟ್ಟಿ ರೆಡಿ ಆಗಿ ಕೂತಿರತ್ತೆ, ಮಳೆ ಬರೋದು ಅದನ್ನ ಎಬ್ಬಿಸೋಕೆ. ನಮ್ಮ ಗಿಡದಲ್ಲಿ ಎಬ್ಬಿಸೋಕೆ ಏನೂ ಇರ್ಲೇ ಇಲ್ಲ.

ಚಿಕ್ಕಮ್ಮನ ವಾದ ಗೊಬ್ಬರ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಅದರ ಮೇಲೆ ಯಾರೋ ಹೇಳಿದ್ರು ಅಂತ ತೋಟಕ್ಕೆ ತಂದಿದ್ದ ಯೂರಿಯಾ ಒಂದೊಂದು ಹಿಡಿ. ಎಲೆ ಇನ್ನೂ ಎರಡು ಸುತ್ತು ದಪ್ಪ ಆಯ್ತು, ಎಳೆ ತುದಿಗೆ ಹೇನು ಮುತ್ಕೊಂಡ್ತು, ಅದರ ಹಿಂದೆನೇ ಹಿಟ್ಟು ತಿಗಣೆ. ನಾನು ದೊಡ್ಡ ತಜ್ಞನ ಥರ "ಸಾರಜನಕ ಜಾಸ್ತಿ ಆಯ್ತು ಚಿಕ್ಕಮ್ಮ, ಪೊಟ್ಯಾಷ್ ಹಾಕಿ" ಅಂತ ಹೇಳ್ದೆ, ಹಾಕಿದ್ರು, ಅದರಿಂದಲೂ ಏನೂ ಆಗಲಿಲ್ಲ. ನನ್ನ ಸಲಹೆನೂ ಆ ಲಿಸ್ಟಲ್ಲೇ ಸೇರ್ಬೇಕು, ಮುಚ್ಚಿಡೋದೇನಿದೆ.

ಆಮೇಲೆ ಬಿಸಿಲಿನ ವಾದ. ಇದು ಸ್ವಲ್ಪ ಅರ್ಥ ಇರೋ ವಾದ, ಯಾಕಂದ್ರೆ ಈ ಗಿಡಕ್ಕೆ ದಿನಕ್ಕೆ ಆರು ಗಂಟೆ ಆದ್ರೂ ನೇರ ಬಿಸಿಲು ಬೇಕು, ಸಿಲ್ವರ್ ಓಕ್ ಕೆಳಗೆ ಅಷ್ಟು ಎಲ್ಲಿ ಸಿಗತ್ತೆ. ಹಂಗಾಗಿ 2024 ಜೂನಲ್ಲಿ ಅಲ್ಲಿದ್ದ ಎರಡರಲ್ಲಿ ಒಂದನ್ನ ಮಣ್ಣಿನ ಹೆಂಟೆ ಸಮೇತ ಕಿತ್ತು ಗೇಟಿನ ಕಂಬದ ಹತ್ರ ನೆಟ್ವಿ.

ಆ ಗಿಡ ಹೂ ಬಿಡ್ತು.

ಆಗಸ್ಟ್ ಮಧ್ಯದಲ್ಲಿ ತುದೀಲಿ ಹಸಿರು ಗುಂಡು ಕಾಣ್ತು, ಸುತ್ತ ಸಣ್ಣ ಸಣ್ಣ ಎಳೆ ಎಲೆಗಳ ಬೇಲಿ. ಅಡಿಕೆಯಷ್ಟಾಗಿ, ಆಮೇಲೆ ನಿಂಬೆಹಣ್ಣಷ್ಟಾಗಿ, ಗಣೇಶನ ಹಬ್ಬ ಮುಗಿದ ಮುಂದಿನ ವಾರ ಒಂದು ಬೆಳಗ್ಗೆ ಅರಳ್ತು. ನಾನು ಶನಿವಾರ ಹೋದಾಗ ಎರಡನೇ ಹೂ ಸಿಕ್ತು. ಬೆಳಗ್ಗೆ ಏಳಕ್ಕೆ ಪೂರ್ತಿ ಬಿಚ್ಚಿತ್ತು, ಐದು ಪಕಳೆ ಒಂದರ ಮೇಲೊಂದು ಅರ್ಧ ಕೂತು ಮಧ್ಯೆ ಸಂದೇ ಇಲ್ಲದ ಹಾಗೆ, ತಿಳಿ ಗುಲಾಬಿ ಬಣ್ಣ, ನಡುವೆ ಕಡುಗೆಂಪು ಕಣ್ಣು, ಆ ಕಣ್ಣಿಂದ ನರಗಳು ಅಂಚಿನ ತನಕ ಗೀರು ಎಳೆದಂಗೆ ಹೋಗಿದ್ವು. ಸ್ಕೇಲ್ ಇಟ್ಟು ಅಳೆದೆ, 22 ಸೆಂಟಿಮೀಟರ್. ಹಿಂದೆ ಬೆರಳಿಟ್ರೆ ಬೆರಳಿನ ನೆರಳು ಕಾಣತ್ತೆ, ಅಷ್ಟು ತೆಳು. ಹತ್ತು ಗಂಟೆಗೆ ಮಳೆ ಬಂತು, ಹತ್ತೂ ಕಾಲಿಗೆ ಆ ಹೂವು ತೊಳೆದು ಹಿಂಡದೇ ಇಟ್ಟ ಪಂಚೆ ತುದಿ ಥರ ನೇತಾಡ್ತಿತ್ತು. ಮಳೆ ಇಲ್ದಿದ್ರೂ ಒಂದೇ ದಿನದ ಹೂವು ಇದು, ಸಂಜೆಗೆ ಸುರುಳಿ ಸುತ್ತತ್ತೆ, ನಾಳೆಗೆ ಬೇರೆ ಮೊಗ್ಗು. ಚಿಕ್ಕಮ್ಮ "ಹಬ್ಬಕ್ಕೆ ಬರ್ಲಿಲ್ವಲ್ಲ ಪುಟ್ಟಾ" ಅಂತ ಪೇಚಾಡಿ, ಆಮೇಲೆ ತಾವೇ "ಬಂದಿದ್ರೂ ಇಡೋಕಾಗ್ತಿರ್ಲಿಲ್ಲ ಬಿಡು, ಒಂದು ಹೂವಿಗೆ ಗಣಪತಿನೇ ಕಾಣಲ್ಲ" ಅಂದ್ರು.

ಚಿಕ್ಕಪ್ಪ ಕೇಸ್ ಕ್ಲೋಸ್ ಮಾಡಿದ್ರು. "ನಾ ಹೇಳ್ಲಿಲ್ವ, ಬಿಸಿಲು." ನನಗೆ ಅದು ಒಪ್ಪಿಗೆ ಆಗ್ಲಿಲ್ಲ. ಅಂಗಳದ ಎರಡು ಗಿಡಕ್ಕೆ ಗೇಟಿನ ಗಿಡಕ್ಕಿಂತ ಜಾಸ್ತಿ ಬಿಸಿಲಿದೆ, ಬೆಳಗ್ಗೆ ಎಂಟರಿಂದ ಮೂರರ ತನಕ, ಅವಕ್ಕೆ ಯಾಕೆ ಇಲ್ಲ ಹಂಗಾದ್ರೆ? ಇನ್ನೊಂದು, ಗೇಟಿನ ಗಿಡದಲ್ಲಿ ಏಳು ಕಾಂಡ ಇತ್ತು, ಮೊಗ್ಗು ಇದ್ದಿದ್ದು ನಾಲ್ಕರಲ್ಲಿ. ಉಳಿದ ಮೂರು ಕಂಬದ ಮರೆಯಲ್ಲಿದ್ದವು. ಒಂದೇ ಬೇರು, ಒಂದೇ ಗೊಬ್ಬರ, ಒಂದೇ ನೀರು. ಹಗಲಲ್ಲಿ ಬಿಸಿಲು ಆ ಮೂರಕ್ಕೂ ಚೆನ್ನಾಗೇ ಬೀಳ್ತಿತ್ತು, ನಾನು ನಿಂತು ನೋಡಿದೀನಿ. ಇದನ್ನ ಮೊಬೈಲಲ್ಲಿ ನೋಟ್ ಮಾಡ್ಕೊಂಡೆ, ಉತ್ತರ ಮಾತ್ರ ಹೊಳೀಲಿಲ್ಲ.

ಉತ್ತರ ಕೊಟ್ಟಿದ್ದು ಸೇವಂತಿಗೆ. ದೀಪಾವಳಿಗೆ ಹೋದಾಗ ಚಿಕ್ಕಮ್ಮನ ಹೊಸ ದೂರು ರೆಡಿ ಇತ್ತು. ಅವರು ಪ್ರತಿ ವರ್ಷ ಸೇವಂತಿಗೆ ಪಾಟ್ ಮಾಡ್ತಾರೆ, ಆ ಸಲ ನಾಲ್ಕು ಪಾಟ್ ಗೇಟಿನ ಎರಡೂ ಕಡೆ ಅಂದಕ್ಕೆ ಅಂತ ಇಟ್ಟಿದ್ರು, ಉಳಿದವು ಹಿತ್ತಲಲ್ಲಿ. ಹಿತ್ತಲಲ್ಲಿ ಹಳದಿ ಹಳದಿ ಹೂ, ಗೇಟಲ್ಲಿ ಬರೀ ಸೊಪ್ಪು. "ಒಂದೇ ತಾಯಿ ಗಿಡದ ಸಸಿ ಇವು, ಅಲ್ಲಿಗೆ ಏನು ದೃಷ್ಟಿ ತಾಗ್ತೋ" ಅಂದ್ರು. ನಾನು ಅವತ್ತು ಸಂಜೆ ಗೇಟಿನ ಹತ್ರ ನಿಂತಿದ್ದೆ, ಆರೂವರೆಗೆ ತಲೆ ಮೇಲೆ ಲೈಟ್ ಹತ್ಕೊಂಡ್ತು.

ಆ ಲೈಟ್ ಮೊದಲು ಇರ್ಲಿಲ್ಲ. ಆ ವರ್ಷ ಮೆಣಸು ಒಣಹಾಕೋ ಟೈಮಲ್ಲಿ ಅಕ್ಕಪಕ್ಕದ ತೋಟದಲ್ಲಿ ಕಳ್ಳತನ ಆಗಿತ್ತು ಅಂತ ಚಿಕ್ಕಪ್ಪ ಗೇಟಿನ ಕಂಬಕ್ಕೆ ಬಲ್ಬ್ ಹಾಕ್ಸಿದ್ರು, ಕತ್ತಲಾದ ತಕ್ಷಣ ತಾನೇ ಹತ್ತಿ ಬೆಳಗಿನ ತನಕ ಉರಿಯೋದು. ಬಲ್ಬ್ ಬೆಳಕು ಬೀಳೋ ಕಡೆ ನಾಲ್ಕು ಕಾಂಡ, ಕಂಬದ ನೆರಳಲ್ಲಿ ಮೂರು ಕಾಂಡ. ರಾತ್ರಿ ಟಾರ್ಚ್ ಆಫ್ ಮಾಡಿ ನೋಡಿದ್ರೆ ಗೀಟು ಎಳೆದಂಗೆ ಕಾಣ್ತಿತ್ತು.

ಚಿಕ್ಕಬಳ್ಳಾಪುರ, ಹೊಸೂರು ಕಡೆ ರಾತ್ರಿ ಬಸ್ಸಲ್ಲಿ ಹೋಗಿದ್ರೆ ನೀವೂ ನೋಡಿರ್ತೀರ, ಹೊಲ ತುಂಬ ಸಾಲು ಸಾಲು ಬಲ್ಬ್ ಉರೀತಿರತ್ತೆ, ಮದುವೆ ಮನೆ ಅನ್ಕೋಬೇಕು. ಅದು ಸೇವಂತಿಗೆ ಹೊಲ. ಸೇವಂತಿಗೆ ಹೂವಾಗೋಕೆ ಉದ್ದ ರಾತ್ರಿ ಬೇಕು, ರಾತ್ರಿ ಮಧ್ಯೆ ಬೆಳಕು ಕೊಟ್ರೆ ಅದು ಇನ್ನೂ ಬೇಸಗೆ ಅಂದ್ಕೊಂಡು ಬೆಳೀತಾನೇ ಇರತ್ತೆ, ಬಲ್ಬ್ ಆಫ್ ಮಾಡಿದ ಮೇಲೆ ಮೊಗ್ಗು ಕಟ್ಟತ್ತೆ, ಹಂಗೆ ಹಬ್ಬದ ರೇಟಿಗೆ ಸರಿಯಾಗಿ ಹೂ ತರ್ತಾರೆ. ತಟ್ಟೆ ದಾಸವಾಳದ್ದು ಇದಕ್ಕೆ ಪೂರ್ತಿ ಉಲ್ಟಾ, ಅದು ದೀರ್ಘ ಹಗಲಿನ ಗಿಡ. ರಾತ್ರಿ ಚಿಕ್ಕದಾಗದೇ ಮೊಗ್ಗು ಕಟ್ಟಲ್ಲ. ಒಂದೇ ಬಲ್ಬು ಒಂದಕ್ಕೆ ಹೂ ತಂತು, ಪಕ್ಕದಲ್ಲಿದ್ದದ್ದಕ್ಕೆ ಹೂ ತಪ್ಪಿಸ್ತು.

ಲೆಕ್ಕ ನೋಡಿ. ಈ ಗಿಡದ ಸುಮಾರು ಹೊಸ ತಳಿಗಳನ್ನ ಮಾಡಿದ್ದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಊರಿನ ಫ್ಲೆಮಿಂಗ್ ಸಹೋದರರು, ಕಾಪರ್ ಕಿಂಗ್, ಫೈರ್‌ಬಾಲ್ ಎಲ್ಲಾ ಅವರದ್ದೇ. ಲಿಂಕನ್ ಇರೋದು ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಜೂನಲ್ಲಿ ಅಲ್ಲಿ ಹಗಲು 15 ಗಂಟೆ. ಚಿಕ್ಕಮಗಳೂರು 13 ಡಿಗ್ರಿ ಚಿಲ್ಲರೆ, ನಮ್ಮ ವರ್ಷದ ಅತಿ ಉದ್ದದ ಹಗಲು 13 ಗಂಟೆಗೆ ಒಂದೈದು ನಿಮಿಷ ಕಮ್ಮಿ, ಡಿಸೆಂಬರಲ್ಲಿ 11 ಗಂಟೆ 20 ನಿಮಿಷದ ಆಸುಪಾಸು. ಅಂದ್ರೆ ಗಿಡ ಕಾಯ್ತಾ ಇದ್ದ ಉದ್ದದ ಹಗಲು ಆಲ್ದೂರಿಗೆ ಯಾವತ್ತೂ ಬರೋದೇ ಇಲ್ಲ. ಅದಕ್ಕೆ ನಾವು ಯೂರಿಯಾ ಹಾಕ್ತಾ ಕೂತಿದ್ವಿ.

ಹಗಲಿನ ಉದ್ದಕ್ಕೂ ಹೂವಿಗೂ ಸಂಬಂಧ ಇದೆ ಅಂತ ಮೊದಲು ಸರಿಯಾಗಿ ತೋರಿಸಿದ್ದು 1920 ರಲ್ಲಿ, ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಅನ್ನೋ ಇಬ್ರು ವಿಜ್ಞಾನಿಗಳು. ಅವರಿಗೆ ದಾರಿ ತೋರ್ಸಿದ್ದು ಹೊಗೆಸೊಪ್ಪು, ನಮ್ಮ ಅರಕಲಗೂಡು ಕಡೆ ಬೆಳೀತಾರಲ್ಲ ಅದೇ ಜಾತಿ. ಮೇರಿಲ್ಯಾಂಡ್ ಮ್ಯಾಮತ್ ಅಂತ ಒಂದು ತಳಿ ಬೇಸಗೆ ಪೂರ್ತಿ ಹೂವೇ ಇಲ್ದೆ ಆಳೆತ್ತರ ದಾಟಿ ಬೆಳೆಯೋದು, ಚಳಿಗಾಲದಲ್ಲಿ ಗಾಜಿನ ಮನೆ ಒಳಗೆ ಇಟ್ರೆ ಗಿಡ್ಡವಾಗೇ ಹೂ ಬಿಡೋದು. ಗೊಬ್ಬರ, ತೇವ, ಶಾಖ ಎಲ್ಲಾ ಒಂದೊಂದೇ ತಳ್ಳಿಹಾಕಿ ಕೊನೆಗೆ ಹಗಲಿನ ಉದ್ದಕ್ಕೆ ಬಂದು ನಿಂತ್ರು. ಆಮೇಲೆ ಬಂದವರು ಗಿಡ ನಿಜವಾಗಿ ಅಳೆಯೋದು ರಾತ್ರಿಯನ್ನ ಅಂತ ಕಂಡ್ಕೊಂಡ್ರು. ಎಲೆ ಒಳಗೆ ಫೈಟೋಕ್ರೋಮ್ ಅನ್ನೋ ಬಣ್ಣದ ವಸ್ತು ಇದೆ, ಅದು ಕೆಂಪು ಬೆಳಕಿಗೆ ಸ್ಪಂದಿಸತ್ತೆ, ಕತ್ತಲಲ್ಲಿ ನಿಧಾನಕ್ಕೆ ಮೊದಲಿನ ಸ್ಥಿತಿಗೆ ವಾಪಸ್ ಹೋಗತ್ತೆ. ರಾತ್ರಿ ನಡುವೆ ಸ್ವಲ್ಪ ಹೊತ್ತು ಬೆಳಕು ಕೊಟ್ರೆ ಗಿಡದ ಲೆಕ್ಕದಲ್ಲಿ ಒಂದು ಉದ್ದ ರಾತ್ರಿ ಎರಡು ಚಿಕ್ಕ ರಾತ್ರಿ ಆಗತ್ತೆ. ಬಿಸಿಲಿನಷ್ಟು ಪ್ರಖರ ಬೆಳಕು ಬೇಕಿಲ್ಲ, ಮಂದ ಬಲ್ಬ್ ಸಾಕು, ಊಟಕ್ಕೆ ಅಲ್ಲ ಅದು, ಗಡಿಯಾರಕ್ಕೆ.

ಇಷ್ಟನ್ನೂ ಚಿಕ್ಕಪ್ಪನಿಗೆ ಹೇಳ್ದೆ. ಪೂರ್ತಿ ಕೇಳಿ "ಬಿಸಿಲೇ ಇರಬಹುದು" ಅಂದ್ರು. ಸರಿ, ಪರೀಕ್ಷೆ ಮಾಡೇಬಿಡೋಣ ಅಂತ ಆಯ್ತು.

2025 ರ ಏರ್ಪಾಟು ಹೀಗಿತ್ತು. ಅಂಗಳದ ಎರಡು ಗಿಡ ಹತ್ತಡಿ ಅಂತರದಲ್ಲಿ ಇವೆ, ಒಂದೇ ಮಣ್ಣು, ಒಂದೇ ಬಿಸಿಲು, ಅದರಲ್ಲಿ ಒಂದಕ್ಕೆ ಮಾತ್ರ ಬಲ್ಬ್. ಬಚ್ಚಲ ಹಿಂದಿನದಕ್ಕೂ ಒಂದು ಬಲ್ಬ್. ಸಿಲ್ವರ್ ಓಕ್ ಕೆಳಗಿಂದು ಕತ್ತಲಲ್ಲೇ. ಗೇಟಿಂದನ್ನ ಲೆಕ್ಕಕ್ಕೆ ತಗೊಂಡಿಲ್ಲ, ಅದಕ್ಕೆ ಹೇಗೂ ರಾತ್ರಿಯಿಡೀ ಬೆಳಕು. ಡಿಸೆಂಬರ್ ಮಧ್ಯದಲ್ಲಿ ಎಲ್ಲಾ ಗಿಡನೂ ನೆಲದಿಂದ ಅರ್ಧ ಅಡಿ ಬಿಟ್ಟು ಕತ್ತರಿಸಿದ್ವಿ. ಇದರಲ್ಲಿ ಹೂ ಬರೋದು ಹೊಸ ಚಿಗುರಲ್ಲಿ, ಹಳೆ ಕಾಂಡ ಇಟ್ಕೊಂಡು ಪ್ರಯೋಜನ ಇಲ್ಲ. ಕಪಾತು ಮಾಡೋದ್ರಲ್ಲಿ ಚಿಕ್ಕಪ್ಪನ ಕೈ ಪಳಗಿದ್ದು, ಐದು ನಿಮಿಷದ ಕೆಲಸ. ಫೆಬ್ರವರಿ 1 ರಿಂದ ರಾತ್ರಿ 10 ರಿಂದ 2 ರ ತನಕ, 9 ವ್ಯಾಟಿನ ಎಲ್‌ಇಡಿ, ಬಿಳಿ ಬೆಳಕಿಂದಲ್ಲ, ಹಳದಿ ಛಾಯೆಯ ವಾರ್ಮ್ ವೈಟ್, ಯಾಕಂದ್ರೆ ಅದರಲ್ಲಿ ಕೆಂಪಿನ ಭಾಗ ಜಾಸ್ತಿ. ಗಿಡದಿಂದ ನಾಲ್ಕಡಿ ಮೇಲೆ. ಪಕ್ಕದ ಗಿಡಕ್ಕೆ ಬೆಳಕು ಹೋಗಬಾರದು ಅಂತ ಹಳೆ ಎಣ್ಣೆ ಡಬ್ಬ ಕತ್ತರಿಸಿ ಬಲ್ಬಿಗೆ ಟೋಪಿ ಮಾಡಿದ್ವಿ. ದಿನಕ್ಕೆ ನಾಲ್ಕು ಗಂಟೆ ಅಂದ್ರೆ ಒಂದು ಬಲ್ಬಿಗೆ ತಿಂಗಳಿಗೆ ಒಂದು ಯೂನಿಟ್ ಚಿಲ್ಲರೆ, ಕರೆಂಟ್ ಬಿಲ್ಲಿನ ವಿಷಯಕ್ಕೆ ಯಾರೂ ಜಗಳ ಆಡೋ ಹಾಗಿಲ್ಲ.

ಆನ್ ಆಫ್ ಮಾಡೋಕೆ ಚಕ್ರ ತಿರುಗಿಸೋ ಮಾಡೆಲ್ಲಿನ ಟೈಮರ್ ಹಾಕಿದ್ದೆ, ಇಲ್ಲಿ ಎಡವಿದ್ದು ನಾನು. ಆ ಟೈಮರ್ ಓಡೋದು ಕರೆಂಟಲ್ಲಿ. ಕರೆಂಟ್ ಹೋದ್ರೆ ಅದರ ಗಡಿಯಾರನೂ ನಿಲ್ಲತ್ತೆ, ಬಂದಾಗ ನಿಂತಲ್ಲಿಂದ ಶುರು. ಮಲೆನಾಡಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಒಂದು ಗಂಟೆ ಇವತ್ತು, ಎರಡು ಗಂಟೆ ನಾಳೆ, ಫೆಬ್ರವರಿ ಕೊನೆಗೆ ಟೈಮರ್ ಐದೂವರೆ ಗಂಟೆ ಹಿಂದೆ ಬಿದ್ದಿತ್ತು. ಚಿಕ್ಕಮ್ಮ ಫೋನ್ ಮಾಡಿ "ನಿನ್ನ ಲೈಟು ಬೆಳಗ್ಗೆ ಏಳು ಗಂಟೆಗೂ ಉರೀತಾ ಇದೆ ಪುಟ್ಟಾ, ಸೂರ್ಯಂಗೆ ಆರತಿನಾ" ಅಂದ ಮೇಲೆ ಗೊತ್ತಾಗಿದ್ದು. ಬಲ್ಬ್ ಬೆಳಗಿನ ಜಾವ ಹತ್ತಿ ಹಗಲಿಗೆ ಅಂಟ್ಕೊಂಡಿತ್ತು, ನಡುರಾತ್ರಿ ಪೂರ್ತಿ ಕತ್ತಲು. ಬ್ಯಾಟರಿ ಇರೋ ಡಿಜಿಟಲ್ ಟೈಮರ್ ತಂದು ಹಾಕಿದೆ. ನೀವು ಮಾಡೋದಾದ್ರೆ ಮೊದಲೇ ಅದನ್ನೇ ತಗೊಳ್ಳಿ.

ಮಾರ್ಚ್ ಕೊನೇ ವಾರ ಅಂಗಳದ ಬಲ್ಬಿನ ಗಿಡದಲ್ಲಿ ಮೊಗ್ಗು, ನಾಲ್ಕು ದಿನ ಬಿಟ್ಟು ಬಚ್ಚಲ ಹಿಂದಿನದರಲ್ಲೂ. ಹತ್ತಡಿ ಆಚೆ ಇದ್ದ ಜೋಡಿ ಗಿಡದಲ್ಲಿ ಏನೂ ಇಲ್ಲ. ಏಪ್ರಿಲ್ 20 ರ ಹೊತ್ತಿಗೆ ಮೊದಲ ಹೂ. ಅವತ್ತಿಂದ ಮೇ ಕೊನೆ ತನಕ ಆ ಎರಡು ಗಿಡದಿಂದ 43 ಹೂವು, ಚಿಕ್ಕಮ್ಮ ಕ್ಯಾಲೆಂಡರಲ್ಲಿ ಗೀಟು ಹಾಕಿಟ್ಟಿದಾರೆ, ಅದರಲ್ಲಿ ಬಚ್ಚಲ ಹಿಂದಿಂದೇ 27. ಕತ್ತಲಲ್ಲಿದ್ದ ಎರಡರಲ್ಲಿ ಸೊನ್ನೆ. ಬಚ್ಚಲಿನ ಗಿಡ ಗೆದ್ದಿದ್ದು ನೀರಿಂದ, ಸ್ನಾನದ ನೀರು ದಿನಾ ಆ ಕಡೆ ಹರಿಯತ್ತೆ, ಬುಡ ಯಾವಾಗ್ಲೂ ತೇವ. ಅಂಗಳದ ಗಿಡ ಏಪ್ರಿಲ್ ಮಧ್ಯಾಹ್ನ ಜೋತು ಬೀಳ್ತಿತ್ತು, ಬೆಳಗ್ಗೆ ಸಂಜೆ ಎರಡು ಕೊಡ ಹಾಕಿದ್ರೂ ಸಾಲ್ತಿರ್ಲಿಲ್ಲ, ಎರಡು ಸಲ ಸಣ್ಣ ಮೊಗ್ಗು ಉದುರಿಸ್ತು. ಬುಡಕ್ಕೆ ದರಗು ಹೊದಿಸಿದ ಮೇಲೆ ಸ್ವಲ್ಪ ತಡೀತು. ನಮ್ಮ ದಾಸವಾಳಕ್ಕೆ ಬುಡದಲ್ಲಿ ನೀರು ನಿಂತ್ರೆ ಬೇರು ಕೊಳೆಯತ್ತೆ, ಇದಕ್ಕೆ ಬುಡ ಒಣಗಿದ್ರೇ ಕಷ್ಟ, ಆ ಒಂದು ವ್ಯತ್ಯಾಸ ತಲೆಗೆ ಹೋಗೋಕೆ ಚಿಕ್ಕಪ್ಪನಿಗೂ ಟೈಮ್ ಬೇಕಾಯ್ತು.

ಈ ಪ್ರಕರಣದಲ್ಲಿ ನನಗೆ ತುಂಬ ಖುಷಿ ಕೊಟ್ಟ ವಿಷಯ ಬೇರೆ ಇದೆ. ಅಮೆರಿಕದಲ್ಲಿ ಇದು ಜುಲೈಯಿಂದ ಸೆಪ್ಟೆಂಬರ್ ತನಕ ಹೂ ಬಿಡೋ ಗಿಡ. ಅದೇ ತಿಂಗಳು ನಮಗೆ ಅಂದ್ರೆ ಮುಂಗಾರು, ತಟ್ಟೆಯಷ್ಟು ಅಗಲದ ತೆಳು ಪಕಳೆ ಆಲ್ದೂರಿನ ಮಳೆಗೆ ಸಿಕ್ಕಿದ್ರೆ ಗತಿ ಏನು ಅಂತ ಗೇಟಿನ ಗಿಡದಲ್ಲಿ ನೋಡಾಗಿತ್ತು. ರಾತ್ರಿ ನಮ್ಮ ಕೈಲಿ ಇದೆ ಅಂದ್ಮೇಲೆ ತಿಂಗಳೂ ನಮ್ಮ ಕೈಲೇ ಇದ್ದಂಗೆ. ಫೆಬ್ರವರಿಲಿ ಬಲ್ಬ್ ಹಾಕಿದ್ರೆ ಏಪ್ರಿಲ್ ಮೇ ಹೂವು, ಬಿಸಿಲು ಚೆನ್ನಾಗಿರತ್ತೆ, ಸಂಜೆ ಗುಡುಗು ಮಳೆ ಬಂದ್ರೂ ಅಷ್ಟೊತ್ತಿಗೆ ಆ ದಿನದ ಹೂವಿನ ಆಯಸ್ಸು ಹೇಗೂ ಮುಗಿದಿರತ್ತೆ. ಮಕ್ಕಳಿಗೆ ರಜೆ, ಮನೆಗೆ ನೆಂಟರು ಬರೋ ಕಾಲ. ಜೂನಿಗೆ ಬಲ್ಬ್ ಬಿಚ್ಚಿಟ್ರೆ ಗಿಡ ಮಳೆಗಾಲ ಪೂರ್ತಿ ಎಲೆ ಬೆಳೆಸಿ ಬೇರಿಗೆ ಶಕ್ತಿ ತುಂಬ್ಕೊಳ್ಳತ್ತೆ.

ಬಲ್ಬಿನ ಕಾಟನೂ ಹೇಳ್ಬೇಕು. ಏಪ್ರಿಲ್ ಕೊನೇಲಿ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಈಸಲು ಎದ್ದು, ಕತ್ತಲೆ ತೋಟದ ನಡುವೆ ಉರೀತಾ ಇರೋ ಬಲ್ಬ್ ಅಂದ್ರೆ ಕೇಳ್ಬೇಕಾ, ಬೆಳಗ್ಗೆ ಅಂಗಳ ತುಂಬ ರೆಕ್ಕೆ. ಗುಡಿಸಿದ್ರೆ ಹಾರತ್ತೆ, ನೀರು ಹಾಕಿದ್ರೆ ಅಂಟತ್ತೆ. ಚಿಕ್ಕಮ್ಮ ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ. ಅದರ ಹಿಂದೆನೇ ಗೊಣ್ಣೆ ಹುಳದ ದುಂಬಿ ಬಂದ್ವು, ಕಂದು ಬಣ್ಣದ್ದು, ಬೆಳಕಿಗೆ ಬಂದು ಎಲೆ ಮೇಲೆ ಕೂತು ರಾತ್ರಿಯಿಡೀ ಮೇಯೋದು. ಬಲ್ಬಿನ ಗಿಡದ ಎಲೆ ಜರಡಿ ಆಯ್ತು, ಕತ್ತಲ ಗಿಡದ ಎಲೆ ಚೆನ್ನಾಗೇ ಇತ್ತು, ಚಿಕ್ಕಪ್ಪ ಅದನ್ನ ಕರೆದು ಕರೆದು ತೋರ್ಸಿದ್ರು. ರಾತ್ರಿ ಊಟ ಆದ್ಮೇಲೆ ಸೋಪು ನೀರಿನ ಬಕೆಟ್ ಹಿಡ್ಕೊಂಡು ಗಿಡ ಅಲ್ಲಾಡಿಸಿ ಬೀಳಿಸ್ಕೊಂಡ್ವಿ, ಒಂದು ವಾರ. ಮೊಗ್ಗು ಕಣ್ಣಿಗೆ ಕಾಣೋಷ್ಟು ಆಗಿರೋ ಕೊಂಬೆಗೆ ಬಲ್ಬ್ ಎರಡು ಮೂರು ರಾತ್ರಿ ತಪ್ಪಿದ್ರೆ ಏನೂ ಆಗಲ್ಲ ಅಂತ ಆಗ ಗೊತ್ತಾಯ್ತು, ಈಗ ಈಸಲು ಏಳೋ ಲಕ್ಷಣ ಇದ್ರೆ ಅವತ್ತು ಸ್ವಿಚ್ ಆಫ್.

ಹೇನು, ಹಿಟ್ಟು ತಿಗಣೆಗೆ ಹೆಚ್ಚೇನೂ ಮಾಡಿಲ್ಲ. ಯೂರಿಯಾ ನಿಲ್ಸಿದ ಮೇಲೆ ಅರ್ಧ ಕಮ್ಮಿ ಆಯ್ತು, ಉಳಿದದ್ದಕ್ಕೆ ಪೈಪಲ್ಲಿ ಜೋರಾಗಿ ನೀರು ಹೊಡೆದು ಬೇವಿನೆಣ್ಣೆ ಸೋಪು ನೀರು. ಚಿಗುರು ಒಂದಡಿ ಬಂದಾಗ ತುದಿ ಚಿವುಟಿದ್ರೆ ಕವಲು ಜಾಸ್ತಿ ಆಗತ್ತೆ, ಹೂವು ಒಂದು ವಾರ ಹತ್ತು ದಿನ ತಡ ಆಗತ್ತೆ ಅಷ್ಟೇ. ಬೀಜದ ಕಾಯಿ ಕಟ್ಟಿದ್ವು, ಆದ್ರೆ ನಮ್ಮದು ಹೈಬ್ರಿಡ್ ಅನ್ಸತ್ತೆ, ಬೀಜದ ಸಸಿ ತಾಯಿ ಥರನೇ ಬರಲ್ಲ, ಅದೇ ಬಣ್ಣ ಬೇಕಂದ್ರೆ ಎಳೆ ಕಾಂಡದ ಕಟಿಂಗ್ ಇಡ್ಬೇಕು. ಮೇ ತಿಂಗಳಲ್ಲಿ ಆರು ಇಟ್ಟಿದ್ದೆ, ನಾಲ್ಕು ಬೇರು ಬಿಟ್ಟಿವೆ, ಒಂದು ಹಾಸನಕ್ಕೆ ತಂದು ಬಾಲ್ಕನಿಲಿ ದೊಡ್ಡ ಬಕೆಟಲ್ಲಿ ಹಾಕಿದೀನಿ. ಬಾಲ್ಕನಿಗೆ ಎದುರೇ ಬೀದಿದೀಪ, ನನಗೆ ಟೈಮರ್ ಖರ್ಚೂ ಇಲ್ಲ.

ಅಂಗಳದ ಕತ್ತಲ ಗಿಡಕ್ಕೂ ಮುಂದಿನ ಫೆಬ್ರವರಿಗೆ ಬಲ್ಬ್ ಹಾಕೋದು ಅಂತ ಚಿಕ್ಕಪ್ಪ ಡಬ್ಬ ಕತ್ತರಿಸಿ ಇಟ್ಕೊಂಡಿದಾರೆ. ಬಿಸಿಲಿನ ವಾದ ಬಿಟ್ಟಿದೀನಿ ಅಂತ ಬಾಯಲ್ಲಿ ಹೇಳಿಲ್ಲ. ಸೇವಂತಿಗೆ ಪಾಟು ಆಗಸ್ಟಲ್ಲೇ ಹಿತ್ತಲಿಗೆ ಹೋದ್ವು. ಸಿಲ್ವರ್ ಓಕ್ ಕೆಳಗಿನ ಗಿಡ ಆರಡಿ ಆಗಿದೆ, ಬರೀ ಸೊಪ್ಪು, ಅದಕ್ಕೂ ಒಂದು ವೈರ್ ಎಳೆಯೋಣ್ವಾ ಅಂತ ಕೇಳಿದ್ದಕ್ಕೆ ಚಿಕ್ಕಮ್ಮ, "ಅದೊಂದು ಹಂಗೇ ಇರ್ಲಿ ಬಿಡು ಪುಟ್ಟಾ, ರಾತ್ರಿ ಒಂದು ಗಿಡನಾದ್ರೂ ನೆಮ್ಮದಿಯಾಗಿ ಮಲಗ್ಲಿ" ಅಂದ್ರು.